ನಿಂತಿತ್ತೋ, ಹೊರಟಿತ್ತೋ

ದುರ್ಗದ ಕೋರ್ಟು ಕಾಂಪೌಂಡಿನ ಹೊರಗೆ
ಜೆರಾಕ್ಸ್ ಅಂಗಡಿಗೂ ಎಳನೀರ ಗಾಡಿಗೂ ನಡುವೆ
ನನ್ನದೊಂದು ಮೇಜು. ಒಂದು ಕಾಲಿಗೆ ಇಟ್ಟಿಗೆ ಚೂರು.
ಟೈಪ್‌ರೈಟರಿನಲ್ಲಿ 'ಜ್ಞ'ದ ಬಾಲ ಬೀಳುವುದಿಲ್ಲ;
ತಡೆಯಾಜ್ಞೆ ಕೇಳುವವರಿಗೆ ಪೆನ್ನಿನಲ್ಲಿ ಎಳೆದು ಕೊಡುತ್ತೇನೆ.

ಖಾನೆಯೊಳಗೆ ಒಂದು ಹಳೆಯ ನಿಘಂಟು.
ವಕೀಲ ಅಶ್ವತ್ಥರಾಯರು ತೀರಿಕೊಂಡ ವರ್ಷ
ಅವರ ಪುಸ್ತಕಗಳೆಲ್ಲ ತಕ್ಕಡಿಗೆ ಬಿದ್ದಾಗ
ಹನ್ನೆರಡು ರೂಪಾಯಿಗೆ ಎತ್ತಿಕೊಂಡದ್ದು, ಒಂದೂಕಾಲು ಕೇಜಿ.
ಬಿಳಿಯರ ನಾಡಿನಲ್ಲಿ ಸತ್ತುಹೋದ ಕಾನೂನುಗಳು.
ಗಿರಾಕಿ ಇಲ್ಲದ ಮಧ್ಯಾಹ್ನ ತೆರೆಯುತ್ತೇನೆ.
ಅರ್ಧ ತಿಳಿಯುತ್ತದೆ, ಅರ್ಧ ನಾನೇ ಕಟ್ಟಿಕೊಳ್ಳುತ್ತೇನೆ.

ಸ್ಕಾಟ್ಲೆಂಡಿನಲ್ಲಿ ಸಾಲ ತೀರಿಸದವನ ಹೆಸರು ಕೂಗಿ
ಪೇಟೆಯ ನಡುವೆ ಮೂರು ಸಲ ಕೊಂಬು ಊದುತ್ತಿದ್ದರಂತೆ.
ಮೂರನೆಯದು ಮುಗಿಯಿತೋ, ಅವನು ರಾಜದ್ರೋಹಿ.
ಹೊಲ ಮಾರುವವನು ಕೊಳ್ಳುವವನ ಅಂಗೈಯಲ್ಲಿ
ಹಿಡಿ ಮಣ್ಣು, ಒಂದು ಕಲ್ಲು ಇಡಬೇಕಿತ್ತಂತೆ.
ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಸಾಕು,
ಅದೂ ಗಾಜಿನ ಮೇಲೆ.

ಸೋಮವಾರ ಪಾಲಮ್ಮ ಬಂದಳು, ಐಮಂಗಲದವಳು.
ಸೆರಗಿನ ಗಂಟಿನಲ್ಲಿ ಆಧಾರ್ ಕಾರ್ಡು, ಎರಡು ಫೋಟೋ.
ಗಂಡ ಕಾಟಲಿಂಗಪ್ಪ ಹೈವೇ ಪಕ್ಕ ಪಂಕ್ಚರ್ ಹಾಕುತ್ತಿದ್ದವನು.
ಗಾಳಿಯಂತ್ರದ ರೆಕ್ಕೆ ಹೊತ್ತು ಬಂದ ಟ್ರೇಲರು
('ನಮ್ಮ ಬೀದಿಗಿಂತ ಉದ್ದ ಸಾಮಿ')
ಅದರ ಗಾಲಿ ಬಿಚ್ಚಲು ಅಡಿಗೆ ನುಸುಳಿದ್ದ.
ಜಾಕು ಜಾರಿತು.

ಟೈಪು ಮಾಡಿದೆ: ಸದರಿ ವಾಹನ, ಸದರಿ ದಿನ, ಸದರಿ ಮೃತನು.
ಒಂದು ಕಡೆ ಬೆರಳು ನಿಂತಿತು.
ಇನ್ಶೂರೆನ್ಸ್ ವಕೀಲರು ಕೇಳಿದ್ದಾರಂತೆ,
ಆ ಹೊತ್ತಿಗೆ ಗಾಡಿ ನಿಂತಿತ್ತೋ, ಹೊರಟಿತ್ತೋ?

ಈ ಪ್ರಶ್ನೆ ನನಗೆ ಗೊತ್ತಿತ್ತು.
ಖಾನೆಯಲ್ಲಿತ್ತು, ಕಿವಿ ಮಡಿಸಿದ ಪುಟದಲ್ಲಿ.
ಡಿಯೋಡಂಡ್. ದೇವರಿಗೆ ಕೊಡತಕ್ಕದ್ದು.
ಇಂಗ್ಲೆಂಡಿನಲ್ಲಿ ಮನುಷ್ಯನನ್ನು ಕೊಂದ ವಸ್ತು
ಯಜಮಾನನದಾಗಿ ಉಳಿಯುತ್ತಿರಲಿಲ್ಲ:
ಹಾಯ್ದ ಎತ್ತು, ಬಿದ್ದ ಗಂಟೆ, ಮಗು ಮುಳುಗಿದ ಹಂಡೆ.
ನಿಂತ ಗಾಡಿಯಿಂದ ಸತ್ತರೆ ಆ ಗಾಲಿಯೊಂದು ದೇವರ ಪಾಲು;
ಹೊರಟ ಗಾಡಿಯಾದರೆ ಗಾಡಿ, ಕುದುರೆ, ಎಲ್ಲವೂ.
ಹೊರೆಯೂ ಸೇರುತ್ತದೆಯೇ ಎಂದು
ನೂರಾರು ವರ್ಷ ಜಗಳವಾಡಿದ್ದಾರೆ.
ದೇವರ ಹೆಸರಲ್ಲಿ ದೊರೆಯೇ ತೆಗೆದುಕೊಳ್ಳುತ್ತಿದ್ದ, ಅದು ಬೇರೆ ಮಾತು.
ರೈಲು ಬಂದಿತು. ರೈಲನ್ನು ದೇವರಿಗೆ ಕೊಡುವುದು ಹೇಗೆ?
ಕಾನೂನನ್ನೇ ತೆಗೆದರು.

ಅವಳಿಗೆ ಇಷ್ಟನ್ನೂ ಹೇಳಿದೆ. ಯಾಕೆ ಹೇಳಿದೆನೋ.
ಕೇಳಿ, ಬಹಳ ಹೊತ್ತು ಎಳನೀರಿನ ಬುರುಡೆಗಳನ್ನು ನೋಡುತ್ತ ಕೂತಳು.
'ಆ ಗಾಡಿ ಈಗ ಎಲ್ಲೈತೆ ಸಾಮಿ?'

ಇದಕ್ಕೆ ಉತ್ತರವೂ ನನಗೆ ಗೊತ್ತಿತ್ತು.
ತಿಂಗಳ ಹಿಂದೆ ಇದೇ ಮೇಜಿನ ಮೇಲೆ
ಅದನ್ನು ಸ್ಟೇಷನ್ನಿನಿಂದ ಬಿಡಿಸುವ ಅರ್ಜಿಯನ್ನೂ
ನಾನೇ ಹೊಡೆದುಕೊಟ್ಟಿದ್ದೆ:
'ಸದರಿ ವಾಹನವು ಬಿಸಿಲು ಮಳೆಗೆ ಸಿಕ್ಕಿ
ಹಾಳಾಗುವ ಸಂಭವವಿದ್ದು, ದಯಮಾಡಿ...'
ಮೂರು ಪ್ರತಿ. ನೂರಿಪ್ಪತ್ತು ರೂಪಾಯಿ.
'ಗೊತ್ತಿಲ್ಲಮ್ಮ' ಎಂದೆ.

'ರೆಕ್ಕೆ?'

ನಾನು ಮಾತಾಡಲಿಲ್ಲ. ಅವಳೇ ತಿರುಗಿ ನೋಡಿದಳು
ಕೋರ್ಟಿನ ಹೆಂಚಿನಾಚೆ, ಜೋಗಿಮಟ್ಟಿ ಕಡೆ.
ಗುಡ್ಡದ ಸಾಲಿನುದ್ದಕ್ಕೂ ಬಿಳಿ ಕಂಬಗಳು,
ಒಂದೊಂದಕ್ಕೂ ಮೂರು ಮೂರು.
ಎಣಿಸಿದಳು. ಎಲ್ಲೋ ತಪ್ಪಿ, ಮತ್ತೆ ಮೊದಲಿಂದ ಎಣಿಸಿದಳು.

'ಕೇಳ್ತಾರಲ್ಲ, ನಿಂತಿತ್ತಾ ಅಂತ.
ನೋಡ್ರಿ, ಇನ್ನೂ ತಿರುಗ್ತಾನೇ ಐತೆ.'

ಅಫಿಡವಿಟ್ಟಿಗೆ ಎಂಬತ್ತು. ನಾನು ಅರವತ್ತು ತೆಗೆದುಕೊಂಡೆ.
'ಸದರಿ ವಾಹನವು ಆ ಸಮಯದಲ್ಲಿ' ಎಂಬಲ್ಲಿಗೆ
ಒಂದು ಪದದಷ್ಟು ಜಾಗ ಖಾಲಿ ಬಿಟ್ಟು
ಮುಂದಿನ ಸಾಲಿಗೆ ಹೋದೆ. ವಕೀಲರು ತುಂಬಿಕೊಳ್ಳುತ್ತಾರೆ.